ಹೆಸರು ತಿಳಿಯದ ಆ ಹಿರಿಯರಿಗೆ

ಸರ್, ನೀವು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ನೌಕಾಪಡೆಯಿಂದ ನಿವೃತ್ತನಾಗಿ ಬೆಂಗಳೂರಿನಲ್ಲಿ ಕೆಲಸ ಹುಡುಕುತ್ತಿದ್ದೆ. ಜಾಮ್‌ನಗರದ ನೌಕಾಪಡೆ ತರಬೇತಿ ಕೇಂದ್ರ ಐಎನ್‌ಎಸ್ ವಲ್ಸುರಾದಲ್ಲಿ ವಿದ್ಯುತ್ ವಿಭಾಗದ ತರಬೇತಿ, ಆಮೇಲೆ ವರ್ಷಾನುಗಟ್ಟಲೆ ಹಡಗಿನ ಬದುಕು. ಇದಕ್ಕೆಲ್ಲ ಹೊರಗೆ ಏನು ಬೆಲೆ ಎಂಬ ಚಿಂತೆ ತಲೆ ತಿನ್ನುತ್ತಿತ್ತು. ತಾಂತ್ರಿಕ ಸಮ್ಮೇಳನವೊಂದರಲ್ಲಿ ಊಟದ ಹೊತ್ತಿಗೆ ಪಕ್ಕದಲ್ಲಿ ಕೂತ ನೀವು, ‘ಹಡಗಿನಲ್ಲಿ ಏನು ಮಾಡ್ತಿದ್ರಿ?’ ಎಂದು ಕೇಳಿದಿರಿ.

ಗೈರೋ ಕಂಪಾಸ್ ಕೊಡುವ ದಿಕ್ಕಿನ ಸಂಕೇತ ರೇಡಾರಿಗೂ ಬೇಕು, ಫಿರಂಗಿ ನಿಯಂತ್ರಣಕ್ಕೂ ಬೇಕು. ಅಲ್ಲಿ ತುಸು ತಪ್ಪಿದರೆ ದೋಷ ಎಲ್ಲೆಲ್ಲೋ ಕಾಣಿಸಿಕೊಳ್ಳುತ್ತದೆ ಎಂದೆ. ನೀವು ಆಹ್ವಾನ ಪತ್ರಿಕೆಯ ಹಿಂಬದಿಯಲ್ಲಿ ಇಂಗ್ಲಿಷಿನ ‘ವಿ’ ಅಕ್ಷರ ಬರೆದಿರಿ. ಒಂದು ವ್ಯವಸ್ಥೆಯನ್ನು ಕಟ್ಟುವ ಹಂತಗಳು ಅದರಲ್ಲಿದ್ದವು: ಎಡಗಡೆ ಇಳಿಯುತ್ತ ಅಗತ್ಯ, ವಿನ್ಯಾಸ. ಬಲಗಡೆ ಏರುತ್ತ ಜೋಡಣೆ, ಪರೀಕ್ಷೆ. ಉಪಕರಣಗಳನ್ನು ಒಪ್ಪಿಕೊಳ್ಳುವ ಮುನ್ನ ನಾವು ಮೊದಲು ಬಂದರಿನಲ್ಲಿ, ಆಮೇಲೆ ಕಡಲಲ್ಲಿ ನಡೆಸುತ್ತಿದ್ದ ಸ್ವೀಕಾರ ಪರೀಕ್ಷೆಗಳನ್ನು ಬಲಗಡೆಯ ಮೇಲ್ತುದಿಯಲ್ಲಿ ಗುರುತಿಸಿ, ‘ಇಷ್ಟು ವರ್ಷ ನೀವು ಮಾಡಿದ್ದೇ ಸಿಸ್ಟಮ್ಸ್ ಎಂಜಿನಿಯರಿಂಗ್, ಬಿಡಿಭಾಗಗಳನ್ನೆಲ್ಲ ಒಂದು ವ್ಯವಸ್ಥೆಯಾಗಿ ಕೂಡಿಸುವ ವಿದ್ಯೆ’ ಎಂದಿರಿ. ಮಾಜಿ ಸೈನಿಕನ ಮಾತನ್ನು ಅಷ್ಟು ತಾಳ್ಮೆಯಿಂದ ಕೇಳುವವರು ವಿರಳ.

ಮುಂದೆ ಸಂದರ್ಶನದಲ್ಲಿ ಅದೇ ಚಿತ್ರ ಬಿಡಿಸಿ ವಿವರಿಸಿದೆ, ಕೆಲಸ ಸಿಕ್ಕಿತು. ಈಗ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೇನೆ. ಬಿಡಿಭಾಗಗಳಿಗಿಂತ ಅವು ಒಂದಕ್ಕೊಂದು ಕೂಡುವ ಜಾಗವನ್ನು ಮೊದಲು ನೋಡಿ ಎಂದು ಮಕ್ಕಳಿಗೆ ಹೇಳುತ್ತಿರುತ್ತೇನೆ.

ನಿಮಗೆ ತುಂಬು ಹೃದಯದ ಧನ್ಯವಾದ. ಇದು ಕಣ್ಣಿಗೆ ಬಿದ್ದರೆ ಒಮ್ಮೆ ನಮ್ಮ ತರಗತಿಗೆ ಬನ್ನಿ, ಸರ್.