ನಿಂಬೆ ಗಿಡ ಉಳಿಸಿಕೊಟ್ಟ ಕಾಕಾ ಅವರಿಗೆ

ವಿಜಯಪುರ ಜಿಲ್ಲೆಯ ಇಂಡಿ ಪಟ್ಟಣದ ಸಂತೆಯಲ್ಲಿ ನನ್ನ ಗೋಳು ಕೇಳಿ ಮನೆಯವರೆಗೂ ಬಂದಿರಿ ಕಾಕಾ, ನಿಮ್ಮ ಹೆಸರು ಕೇಳುವುದನ್ನೇ ಮರೆತೆ. ಭೌಗೋಳಿಕ ಗುರುತು (ಜಿಐ ಟ್ಯಾಗ್) ಪಡೆದ ನಿಂಬೆಯ ನಾಡಿನಲ್ಲೇ ನಮ್ಮ ಗಿಡ ಮೂರು ವರ್ಷವಾದರೂ ಮೊಣಕಾಲೆತ್ತರ ದಾಟಿರಲಿಲ್ಲ. ಹಿತ್ತಲಲ್ಲಿ ಗೇಣುದ್ದ ಮಣ್ಣು, ಕೆಳಗೆಲ್ಲ ಗರಸು, ಅಂದರೆ ಗಟ್ಟಿ ಕಲ್ಲುಮಣ್ಣು.

ಎಲೆಯೊಂದನ್ನು ಬಿಸಿಲಿಗೆ ಹಿಡಿದು ತೋರಿಸಿದಿರಿ: ನರ ಹಸಿರು, ನಡುವೆಲ್ಲ ಹಳದಿ. "ಸುಣ್ಣದ ನೆಲ, ಬೇರಿಗೆ ಕಬ್ಬಿಣ ಸಿಗುತ್ತಿಲ್ಲ" ಎಂದಿರಿ. ನಾನು ಬುಡಕ್ಕೆ ನೀರು ಸುರಿಯುತ್ತಲೇ ಇದ್ದೆ! ನೀವೇ ಹಾರೆ ಹಿಡಿದು, ಬುಡದಿಂದ ಎರಡಡಿ ದೂರ ಸುತ್ತಲೂ ಗರಸು ಒಡೆದು, ಕಳಿತ ಸಗಣಿ ಗೊಬ್ಬರ, ಬೇವಿನ ಹಿಂಡಿ ತುಂಬಿ, ಕಬ್ಬಿನ ರವದಿ (ಒಣಗಿದ ಎಲೆ) ಹೊದಿಸಿದಿರಿ. ಎಲೆಗೆ ಕಬ್ಬಿಣದ ಅಂಶವಿರುವ ಅನ್ನಭೇದಿಯನ್ನು ನೀರಲ್ಲಿ ಕರಗಿಸಿ ಸಿಂಪಡಿಸಲು ಹೇಳಿದಿರಿ. ಹಣ ಮುಟ್ಟಲಿಲ್ಲ, ಮಜ್ಜಿಗೆ ಕುಡಿದು ನಡೆದಿರಿ.

ಈ ವಾರ ಮೊದಲ ಹೂ ಬಿಟ್ಟಿದೆ. ಅವ್ವ ದಿನಕ್ಕೆ ನಾಲ್ಕು ಸಲ ಹೋಗಿ ನೋಡುತ್ತಾಳೆ. ಪ್ರತಿ ಸಂತೆಯಲ್ಲೂ ನಿಮ್ಮನ್ನು ಹುಡುಕುತ್ತಿದ್ದೇನೆ ಕಾಕಾ, ಮೊದಲ ಹಣ್ಣು ನಿಮ್ಮದೇ.