ಲಿಫ್ಟ್ ನಿಂತ ಮೇಲೆ ದುಡ್ಡು ಹುಡುಕಬೇಡಿ

ಮಾನ್ಯ ಸಂಪಾದಕರೇ,

ಅಪಾರ್ಟ್‌ಮೆಂಟ್ ಸಂಘಗಳಲ್ಲಿ ಜಗಳ ಶುರುವಾಗುವುದು ಹೆಚ್ಚಾಗಿ ಲೆಕ್ಕ ಕೇಳಿದಾಗ ಉತ್ತರ ಸಿಗದಿದ್ದಕ್ಕೆ. ತಿಂಗಳ ಜಮಾ-ಖರ್ಚು, ಬ್ಯಾಂಕಿನಲ್ಲಿರುವ ಹಣ, ವಸೂಲಾಗದ ಬಾಕಿ ಇಷ್ಟನ್ನು ಎಲ್ಲರಿಗೂ ಕಳಿಸಿದರೆ ಅರ್ಧ ಅನುಮಾನ ಅಲ್ಲೇ ಕರಗುತ್ತದೆ.

ನನಗೆ ಜಾಸ್ತಿ ಚಿಂತೆ ಇರುವುದು ಮೀಸಲು ನಿಧಿಯದ್ದು, ಅಂದರೆ ಮುಂದಿನ ದೊಡ್ಡ ಖರ್ಚಿಗೆಂದು ಕೂಡಿಡುವ ಹಣದ್ದು. ಲಿಫ್ಟು, ಪಂಪು, ತಾರಸಿಯ ವಾಟರ್‌ಪ್ರೂಫಿಂಗ್, ಹೊರಗೋಡೆಯ ಬಣ್ಣ ಎಲ್ಲವೂ ಒಂದು ದಿನ ಕೆಟ್ಟೇ ಕೆಡುತ್ತವೆ, ಅಲ್ವಾ? ಯಾವುದು ಇನ್ನೆಷ್ಟು ವರ್ಷ ಬಾಳೀತು, ಬದಲಿಸಲು ಎಷ್ಟಾದೀತು ಎಂದು ಪಟ್ಟಿ ಮಾಡಬೇಕು. 10 ವರ್ಷ ಬಾಳುವ ಪಂಪಿನ ಖರ್ಚನ್ನು 120 ತಿಂಗಳಿಗೆ ಹಂಚಿ ಬೇರೆ ಖಾತೆಯಲ್ಲಿ ಕೂಡಿಟ್ಟರೆ ಯಾರಿಗೂ ಭಾರವಾಗುವುದಿಲ್ಲ. ಆದರೆ ಮೆಂಟೆನೆನ್ಸ್ ಏರಿಸಲಿಲ್ಲ ಎಂಬ ಒಳ್ಳೆಯ ಹೆಸರಿಗಾಗಿ ಎಷ್ಟೋ ಸಮಿತಿಗಳು ಇದನ್ನು ಕೈಬಿಡುತ್ತವೆ. ಆಮೇಲೆ ಲಿಫ್ಟ್ ನಿಂತಾಗ ಒಮ್ಮೆಲೇ ದೊಡ್ಡ ಮೊತ್ತ ಕೇಳುತ್ತಾರೆ. ಪಿಂಚಣಿಯಲ್ಲಿ ಬದುಕುವವರು ಎಲ್ಲಿಂದ ತರಬೇಕು? ಹಣ ಕೂಡುವವರೆಗೆ ನಾಲ್ಕನೇ ಮಹಡಿಯ ಅಜ್ಜಿ ಮೆಟ್ಟಿಲು ಇಳಿಯಲಾಗದೆ ಮನೆಯಲ್ಲೇ ಕೂರಬೇಕು.

ದೊಡ್ಡ ಕೆಲಸಕ್ಕೆ ಮೂರು ಕಡೆ ಕೊಟೇಶನ್ ತರಿಸಲಿ. ಗುತ್ತಿಗೆದಾರರು ಸಮಿತಿಯವರ ನೆಂಟರಾದರೆ ಅದನ್ನು ಮೊದಲೇ ತಿಳಿಸಲಿ, ಆ ಸದಸ್ಯರು ಮತ ಹಾಕದಿರಲಿ.

ನಿವಾಸಿಗಳದ್ದೂ ತಪ್ಪಿದೆ. ವಾರ್ಷಿಕ ಸಭೆಗೆ ಬರುವುದಿಲ್ಲ, ಕೋರಂ, ಅಂದರೆ ಸಭೆ ನಡೆಸಲು ಬೇಕಾದಷ್ಟು ಜನ, ಇಲ್ಲದೆ ಸಭೆ ಮುಂದಕ್ಕೆ ಹೋಗುತ್ತದೆ. ಮರುದಿನ ವಾಟ್ಸ್‌ಆ್ಯಪ್‌ನಲ್ಲಿ ಸುಮ್ನೆ ಕೂಗಾಟ. ಸಂಬಳವಿಲ್ಲದೆ ದುಡಿಯುವ ಕಾರ್ಯದರ್ಶಿಗೆ ಇದರಿಂದ ಎಷ್ಟು ನೋವಾಗುತ್ತದೆ! ಮುಂದಿನ ನೋಟಿಸ್ ಬಂದಾಗ ದಯವಿಟ್ಟು ಸಭೆಗೆ ಹೋಗಿ, ಮೀಸಲು ನಿಧಿಯಲ್ಲಿ ಎಷ್ಟಿದೆ ಎಂದು ಕೇಳಿ.

– ಒಬ್ಬ ಫ್ಲಾಟ್ ಮಾಲೀಕ