ಬಿಲ್ಲಿನ ವಿಷಯ, ಎಲ್ಲರೂ ಓದಿ

ಸ್ನೇಹಿತರೇ, ಎರಡು ದಿನದಿಂದ ಗುಂಪಿನಲ್ಲಿ ಬರೀ ಕರೆಂಟ್ ಬಿಲ್ಲಿನ ಫೋಟೋಗಳೇ. ಸಿಟ್ಟು ನನಗೂ ಇದೆ. ಸಂಬಳ ಅಲ್ಲೇ ನಿಂತಿದೆ, ಕರೆಂಟು, ಗ್ಯಾಸು, ಬಾಡಿಗೆ ಮಾತ್ರ ಏರುತ್ತಲೇ ಇವೆ, ಇಂಧನ ಜಾಸ್ತಿಯಾದರೆ ಸಾಗಣೆ ಖರ್ಚೂ ಏರಿ ಮನೆಗೆ ತರುವ ಪ್ರತಿ ಸಾಮಾನಿನ ಮೇಲೂ ಅದು ಬಂದು ಕೂರುತ್ತದೆ. ಸುಮ್ನೆ ‘ಉಳಿತಾಯ ಮಾಡಿ’ ಅಂದರೆ ಸಾಲದು. ಒಂದೇ ದೀಪ ಉರಿಸುವವರಿಗೂ ಬಹಳ ಕಡೆ ನಿಗದಿತ ಶುಲ್ಕ ತಪ್ಪುವುದಿಲ್ಲ, ಅಲ್ವಾ?

ಆದರೂ ಈ ಲೆಕ್ಕ ನೆನಪಿರಲಿ: 2000 ವ್ಯಾಟ್‌ನ ನೀರಿನ ಹೀಟರ್ ಅರ್ಧ ಗಂಟೆ ಓಡಿದರೆ 1 ಯೂನಿಟ್. 10 ವ್ಯಾಟ್‌ನ ಎಲ್‌ಇಡಿ ಬಲ್ಬಿಗೆ ಅಷ್ಟಾಗಲು 100 ಗಂಟೆ ಬೇಕು.

ದೂರು ಬರೆಯುವ ಮೊದಲು ಮೀಟರ್ ರೀಡಿಂಗನ್ನು ಬಿಲ್ಲಿನ ಜೊತೆ ತಾಳೆ ನೋಡಿ. ಕಟ್ಟಲು ಕಷ್ಟವಾದವರು ನನಗೆ ಬೇರೆಯಾಗಿ ಮೆಸೇಜ್ ಮಾಡಿ, ಸಂಕೋಚ ಬೇಡ.